ಕೆಸರು ಕೇಳುವ ಗಾಲಿ

ಸಕಲೇಶಪುರ, ಆಲೂರಿನ ಗುಡ್ಡಗಳಲ್ಲಿ ಓಡುವ ಜೀಪಿಗೆ ಯಾವ ಟೈರು, ಯಾವ ಡಿಸ್ಕು ಒಗ್ಗುತ್ತದೆ? ಮಳೆ ಹಿಡಿಯುವ ಮುನ್ನ ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

ಆರಿದ್ರಾ ಮಳೆ ಹಿಡಿಯಿತೆಂದರೆ ಸಕಲೇಶಪುರ ತಾಲ್ಲೂಕಿನ ಪಡುವಣ ಸೆರಗಿನ ಊರುಗಳಲ್ಲಿ ವಾಹನಗಳ ಬಗೆಗಿನ ಮಾತಿನ ಧಾಟಿಯೇ ಬದಲಾಗುತ್ತದೆ. ಹೆತ್ತೂರು, ಯಸಳೂರು, ಹಾನುಬಾಳು, ದೇವಾಲದಕೆರೆ ಕಡೆಯ ತೋಟದವರು ಆಗ ಎಂಜಿನ್ ಎಷ್ಟು ಸಿಸಿ, ಎಷ್ಟು ಅಶ್ವಶಕ್ತಿ ಎಂದು ವಿಚಾರಿಸುವುದಿಲ್ಲ. ‘ಟೈರು ಹೆಂಗಿದೆ? ಚೈನ್ ಇದೆಯಾ?’ ಎಂದು ಕೇಳುತ್ತಾರೆ. ತೋಟದ ಏರಿನಲ್ಲಿ ಗಾಡಿ ಹತ್ತುತ್ತದೋ ಇಲ್ಲವೋ ಎಂಬುದನ್ನು ಕೊನೆಗೆ ತೀರ್ಮಾನಿಸುವುದು ನೆಲಕ್ಕೆ ತಾಗಿರುವ ನಾಲ್ಕು ಅಂಗೈ ಅಗಲದ ರಬ್ಬರು ಎಂಬುದು ಅವರಿಗೆ ಗೊತ್ತು.

ಈ ಸೀಮೆಯಲ್ಲಿ ಜೀಪು ಹೂತುಕೊಳ್ಳುವುದು ಸಣ್ಣ ತಾಪತ್ರಯವಲ್ಲ. ಹಿಂದೆ ಕೂತವರು ಕೆಲಸ ಮುಗಿಸಿ ಲೈನ್ ಮನೆಗೆ ಮರಳುತ್ತಿರುವ ಆಳುಗಳಾಗಿರಬಹುದು. ಆಸ್ಪತ್ರೆಗೆ ಹೊರಟ ಬಸುರಿ ಇರಬಹುದು. ಹೊತ್ತು ಮುಳುಗಿದ ಮೇಲೆ ತೋಟದ ನಡುವೆ ನಿಂತ ಗಾಡಿಯ ಸುತ್ತ ಆನೆ ಇರಬಹುದೆಂಬ ಅಳುಕು ಬೇರೆ. ಆಲೂರು, ಸಕಲೇಶಪುರ ತಾಲ್ಲೂಕುಗಳಲ್ಲಿ ಕಾಡಾನೆ ಹಾವಳಿ ಎಷ್ಟು ಹೆಚ್ಚಿತೆಂದರೆ 2022ರ ಕೊನೆಯಲ್ಲಿ ಸರ್ಕಾರ ಆನೆ ಕಾರ್ಯಪಡೆಗಳನ್ನು ರಚಿಸಿದಾಗ ಹಾಸನ ಜಿಲ್ಲೆಗೂ ಒಂದನ್ನು ಕೊಟ್ಟಿತು. ಎಂಟು ಬಾರಿ ದಸರಾ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಕಾಡಾನೆಯೊಂದಿಗೆ ಸೆಣಸಿ ಪ್ರಾಣ ಬಿಟ್ಟದ್ದು ಇದೇ ಯಸಳೂರು ವಲಯದಲ್ಲಿ. ಇಂಥ ಜಾಗದಲ್ಲಿ ಟೈರಿನ ಆಯ್ಕೆ ಜೀವದ ಪ್ರಶ್ನೆ.

ಹೀಗಿರುವಾಗ ಹೊಸ ಥಾರ್, ಜಿಮ್ನಿ, ಗೂರ್ಖಾ ಕೊಂಡವರಲ್ಲಿ ಬಹಳ ಮಂದಿ ಟೈರು ಆರಿಸುವುದು ಮೊಬೈಲಿನಲ್ಲಿ ಕಂಡ ಚಿತ್ರ ನೋಡಿ. ಅಗಲವಾದದ್ದು, ಬಾಡಿಯಿಂದ ಹೊರಚಾಚಿದ್ದು, ಮಿರುಗುವ ಅಲಾಯ್ ಮೇಲೆ ಕೂತದ್ದು ಒಳ್ಳೆಯದೆಂಬ ಭಾವನೆ ಬೇರೂರಿದೆ. ಮಲೆನಾಡಿನ ಕೆಸರಿನಲ್ಲಿ ಈ ಮೂರೂ ಗುಣಗಳು ಹೆಚ್ಚಿನ ವೇಳೆ ಕೈಕೊಡುತ್ತವೆ. ಟೈರನ್ನು ಆರಿಸಬೇಕಾದವರು ಇಬ್ಬರೇ: ಅದು ತುಳಿಯುವ ನೆಲ, ಅದು ಹೊರುವ ಹೊರೆ.

ಒಂದು ದಾರಿ, ಐದು ನೆಲ

ಬಾಳ್ಳುಪೇಟೆಯಿಂದ ಹೊರಟು ಸಕಲೇಶಪುರ ದಾಟಿ, ಹೆತ್ತೂರಿನ ಕಡೆಯ ಒಂದು ತೋಟದ ಕಣ ಮುಟ್ಟುವಷ್ಟರಲ್ಲಿ ಗಾಲಿಯ ಕೆಳಗೆ ಐದು ಬಗೆಯ ನೆಲ ಹಾದುಹೋಗಿರುತ್ತದೆ. ಮೊದಲನೆಯದು ಮಳೆಯಲ್ಲಿ ನೆನೆದ ಡಾಂಬರು, ಕಾಂಕ್ರೀಟು. ರಾಷ್ಟ್ರೀಯ ಹೆದ್ದಾರಿ 75ರಲ್ಲಿ ದೋಣಿಗಾಲ್, ಮಾರನಹಳ್ಳಿ ಕಳೆದು ಶಿರಾಡಿ ಘಾಟಿಗೆ ಇಳಿಯುವವರಿಗೂ ಇದೇ ನೆಲ. ಎರಡನೆಯದು ಸೋಲಿಂಗ್ ಕಲ್ಲು ಜೋಡಿಸಿದ ತೋಟದ ರಸ್ತೆ. ಮಣ್ಣು ತೊಳೆದುಹೋಗಿ ಕಲ್ಲಿನ ಅಂಚು ಮೇಲೆದ್ದಿರುತ್ತದೆ. ಮೂರನೆಯದು ಕೆಂಪು ಜೇಡಿಯ ಏರು. ನಾಲ್ಕನೆಯದು ಹಡ್ಲು, ಅಂದರೆ ಗದ್ದೆ ಬೇಸಾಯ ನಿಂತು ಜೌಗಾದ ಕಣಿವೆ ನೆಲ. ಐದನೆಯದು ಹಳ್ಳ ದಾಟುವಲ್ಲಿನ ಪಾಚಿಗಟ್ಟಿದ ಗುಂಡುಕಲ್ಲು.

ಆಲೂರಿನ ಕಡೆ ಲೆಕ್ಕ ಸ್ವಲ್ಪ ಬೇರೆ. ಘಟ್ಟದ ನೆತ್ತಿಯಿಂದ ಮೂಡಣಕ್ಕೆ ಸರಿದಂತೆ ಮಳೆ ಬೇಗ ಬೇಗ ಕಡಿಮೆಯಾಗುತ್ತದೆ. ಕೆಂಚಮ್ಮನ ಹೊಸಕೋಟೆ, ಮಗ್ಗೆ, ಪಾಳ್ಯದ ಸುತ್ತ ಗುಡ್ಡಗಳು ತಗ್ಗು, ನೆಲ ಹೆಚ್ಚು ಗರಸು. ಕಾಫಿಯ ಜೊತೆಗೆ ಶುಂಠಿ, ಜೋಳ, ಭತ್ತದ ಹೊಲಗಳೂ ಇವೆ. ವರ್ಷದ ಬಹುಪಾಲು ಇಲ್ಲಿನ ಗಾಡಿ ಗಟ್ಟಿ ಮಣ್ಣು ಮತ್ತು ಡಾಂಬರಿನ ಮೇಲೇ ಓಡುತ್ತದೆ. ಹಾಗಾಗಿ ಯಸಳೂರಿನ ತೋಟದ ಜೀಪಿಗೆ ಒಗ್ಗಿದ ಟೈರು ಮಗ್ಗೆಯ ರೈತನಿಗೆ ದಂಡ ಎನಿಸಬಹುದು. ಇಬ್ಬರ ನಡುವೆ ಇರುವುದು ಸ್ವಲ್ಪವೇ ದೂರ.

ಟೈರು ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದರಿಂದ ಹುಟ್ಟುತ್ತದೆ: ನನ್ನ ಗಾಡಿ ಈ ಐದರಲ್ಲಿ ಯಾವ ನೆಲದ ಮೇಲೆ ಎಷ್ಟು ಹೊತ್ತು ಇರುತ್ತದೆ? ಉತ್ತರವನ್ನು ಪ್ರಾಮಾಣಿಕವಾಗಿ ಕೊಟ್ಟುಕೊಂಡರೆ ಅಂಗಡಿಯ ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ಬಂಡಿಗಾಲಿಯಿಂದ ಬಟನ್ ಟೈರಿಗೆ

ಸಕಲೇಶಪುರ ಸೀಮೆಯನ್ನು ಮಂಜರಾಬಾದ್ ಎಂದು ಕರೆಯುತ್ತಿದ್ದ ಕಾಲದಲ್ಲಿ ಹೊರೆ ಹೊತ್ತದ್ದು ಎತ್ತಿನ ಬಂಡಿ. 1850ರ ದಶಕದಲ್ಲಿ ಇಲ್ಲಿ ಕಾಫಿ ತೋಟ ಮಾಡಲು ಬಂದ ರಾಬರ್ಟ್ ಎಲಿಯಟ್ ಮೈಸೂರು ಸೀಮೆಯ ಕಾಫಿ ಬೇಸಾಯದ ಬಗ್ಗೆ 1894ರಲ್ಲಿ ಪ್ರಕಟಿಸಿದ ಪುಸ್ತಕ ಆ ಕಾಲದ ತೋಟಗಾರಿಕೆಯ ಮುಖ್ಯ ದಾಖಲೆ. ಬಂಡಿಯ ಮರದ ಗಾಲಿ ಎತ್ತರವಾಗಿತ್ತು, ಕಿರಿದಾಗಿತ್ತು. ಅದರ ಸುತ್ತ ಕಾದ ಕಬ್ಬಿಣದ ಪಟ್ಟಿ ತೊಡಿಸಿ, ನೀರು ಹೊಯ್ದು ಬಿಗಿ ಮಾಡುತ್ತಿದ್ದರು. ಆ ಗಾಲಿ ಕೆಸರನ್ನು ಕೊರೆದು ಅಡಿಯ ಗಟ್ಟಿ ನೆಲ ಹುಡುಕಿಕೊಳ್ಳುತ್ತಿತ್ತು.

ಗಾಳಿ ತುಂಬಿದ ರಬ್ಬರ್ ಟೈರಿನ ಕತೆ ಆಮೇಲಿನದು. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಗಂಧಕ ಬೆರೆಸಿ ರಬ್ಬರ್ ಹದಗೊಳಿಸುವ ದಾರಿ ಕಂಡುಕೊಂಡ; ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಗಾಳಿಯ ಟೈರಿಗೆ ಪೇಟೆಂಟ್ ಪಡೆದ. ಘಟ್ಟದ ಕೆಳಗೆ ಸುಳ್ಯ, ಪುತ್ತೂರಿನ ಕಡೆ ಶ್ರೀಲಂಕಾದಿಂದ ಮರಳಿದ ತಮಿಳರ ಪುನರ್ವಸತಿಗಾಗಿ ಬೆಳೆಸಿದ ರಬ್ಬರ್ ತೋಟಗಳು ಇಂದಿಗೂ ಹಾಲು ಸುರಿಸುತ್ತಿವೆ. 1997ರಲ್ಲಿ ಜೆ.ಕೆ. ಟೈರ್ ತೆಕ್ಕೆಗೆ ಸೇರಿದ ಮೈಸೂರಿನ ವಿಕ್ರಾಂತ್ ಟೈರ್ಸ್ ಒಂದು ಕಾಲಕ್ಕೆ ಕರ್ನಾಟಕದ ಹೆಮ್ಮೆಯ ಹೆಸರಾಗಿತ್ತು. ಟೈರಿನ ಕಚ್ಚಾ ಮಾಲೂ ಕಾರ್ಖಾನೆಯೂ ಈ ಗುಡ್ಡಗಳ ಎರಡು ಬದಿಗೂ ಇವೆ.

ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿಗೆ ಇದ್ದದ್ದು 6.00-16 ಅಳತೆಯ ಟೈರು. ಆರು ಇಂಚು ಅಗಲ, ಹದಿನಾರು ಇಂಚಿನ ಡಿಸ್ಕು. ಅದರ ಮೇಲೆ ಅಡ್ಡಕ್ಕೆ ದಪ್ಪ ಕಟ್ಟೆಗಳು. ಮುಂದಕ್ಕೂ ಹಿಂದಕ್ಕೂ ಒಂದೇ ಸಮ ಹಿಡಿಯುವ ಈ ವಿನ್ಯಾಸಕ್ಕೆ ಎನ್‌ಡಿಟಿ ಎಂಬ ಹೆಸರು. ನಮ್ಮ ಕಡೆಯ ಬಾಯಲ್ಲಿ ಇಂಥವೆಲ್ಲ ಬಟನ್ ಟೈರು. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿ ಮುಂಬೈಯಲ್ಲಿ ವಿಲ್ಲಿಸ್ ಜೀಪು ಜೋಡಿಸತೊಡಗಿದ ಮೇಲೆ ಅದೇ ಅಳತೆಯ ಟೈರು ದಶಕಗಳ ಕಾಲ ದೇಶದ ಜೀಪುಗಳಲ್ಲಿ ಉಳಿಯಿತು. ಸೇನೆ ಈ ಅಳತೆ ಆರಿಸಿದ್ದು ಕೆಸರು ಹೊಕ್ಕು ಹೊರಬರಲೆಂದು. ಮಲೆನಾಡಿನ ತೋಟಗಳು ಅದನ್ನು ಇಷ್ಟು ಕಾಲ ಬಿಡದಿರುವುದಕ್ಕೂ ಅದೇ ಕಾರಣ.

ಅಗಲವೋ, ಎತ್ತರವೋ

ಟೈರಿನ ಚರ್ಚೆಯಲ್ಲಿ ಹೆಚ್ಚು ಬಿಸಿಯೇರುವುದು ಇಲ್ಲಿ. ಅಗಲದ ಟೈರು ಹೊರೆಯನ್ನು ಹೆಚ್ಚು ಜಾಗಕ್ಕೆ ಹಂಚಿ ಮೇಲೆ ತೇಲುತ್ತದೆ. ಮರಳುಗಾಡಿಗೆ, ತಳವೇ ಸಿಗದ ಜೌಗಿಗೆ ಅದು ಸರಿ. ಸಕಲೇಶಪುರದ ಏರುಗಳಲ್ಲಿ ಮಾತ್ರ ಸಾಮಾನ್ಯವಾಗಿ ನಾಲ್ಕೈದು ಇಂಚು ಕೆಸರಿನ ಕೆಳಗೆ ಗಟ್ಟಿ ಮಣ್ಣೋ, ಹಿಂದೆ ಹಾಸಿದ ಕಲ್ಲೋ ಇರುತ್ತದೆ. ಅಲ್ಲಿ ಬೇಕಾದದ್ದು ಕೆಸರನ್ನು ಸೀಳಿ ಕೆಳಗಿಳಿಯುವ ಗಾಲಿ. ಅಗಲದ ಟೈರು ಮೇಲ್ಪದರದಲ್ಲೇ ಜಾರುತ್ತ ಕೆಳಬದಿಯ ಚರಂಡಿಯತ್ತ ಸರಿಯುತ್ತದೆ.

ಮಳೆ ಬಿಟ್ಟ ಮರುದಿನ ಬೆಳಿಗ್ಗೆ ತೋಟದ ಏರಿನಲ್ಲಿ ಬಗ್ಗಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಕಿರಿದಾದ ಬಟನ್ ಟೈರು ಹೋದ ಜಾಡಿನಲ್ಲಿ ಅಡ್ಡ ಕಟ್ಟೆಗಳ ಅಚ್ಚು ಒಂದೊಂದೂ ಬೇರೆ ಬೇರೆಯಾಗಿ, ಅಂಚು ಮಾಸದೆ ಮೂಡಿರುತ್ತದೆ. ಜಾಡಿನ ತಳದಲ್ಲಿ ಗರಸು ಕಾಣುತ್ತದೆ. ಹೆದ್ದಾರಿ ಟೈರಿನ ಅಗಲ ಜಾಡು ಸಾರಿಸಿದ ನೆಲದಂತೆ ನುಣುಪಾಗಿರುತ್ತದೆ. ಅಲ್ಲಲ್ಲಿ ಗಾಡಿ ಅಡ್ಡ ಸರಿದ ಗೀರು. ಮೊದಲನೆಯದು ನೆಲವನ್ನು ಹಿಡಿದಿದೆ, ಎರಡನೆಯದು ಉಜ್ಜಿದೆ.

ಹಾಗಾದರೆ ಈ ಗುಡ್ಡಗಳಿಗೆ ಸಾಮಾನ್ಯ ಸೂತ್ರ: ಅಗಲಕ್ಕಿಂತ ಎತ್ತರಕ್ಕೆ ಬೆಲೆ ಕೊಡಿ. ಎತ್ತರದ ಗಾಲಿ ಗುಂಡಿಯನ್ನೂ ಗುಂಡುಕಲ್ಲನ್ನೂ ಸುಲಭವಾಗಿ ಹತ್ತಿ ಇಳಿಯುತ್ತದೆ, ಡಿಫರೆನ್ಷಿಯಲ್ ಹೌಸಿಂಗನ್ನು ನೆಲದಿಂದ ಮೇಲಿಡುತ್ತದೆ. ಜಿಮ್ನಿಗೆ ಕಂಪನಿಯೇ ಕೊಡುವ 195/80 ಆರ್ 15 ಟೈರು ನೋಡಲು ಸಣಕಲು ಎಂದು ಹಲವರು ಬದಲಿಸುತ್ತಾರೆ. ಸುಮಾರು 1,200 ಕೆ.ಜಿ. ತೂಕದ ಹಗುರ ಗಾಡಿ ಕೆಸರಿನಲ್ಲಿ ತಳ ಮುಟ್ಟಬೇಕಾದರೆ ಆ ಸಣಕಲೇ ಬೇಕು.

ಗಾಡಿಯೇ ಭಾರವಾಗಿದ್ದು ನೆಲ ತೀರ ಮೆದುವಾಗಿದ್ದರೆ ಮಾತು ಬೇರೆ. ತೋಟಕ್ಕೆ ಹಡ್ಲು ದಾಟಿಯೇ ಹೋಗಬೇಕು, ಗಾಡಿ ಎರಡು ಟನ್ ಮೀರಿದೆ ಎಂದಾದರೆ ಸ್ವಲ್ಪ ಅಗಲದ ಟೈರಿಗೆ ಅರ್ಥವಿದೆ. ಆಗಲೂ ಅಗಲ ಹೆಚ್ಚಿಸುವುದಕ್ಕಿಂತ ಗಾಳಿ ಇಳಿಸುವುದು ಅಗ್ಗದ, ಹೆಚ್ಚು ಕೆಲಸಕ್ಕೆ ಬರುವ ಉಪಾಯ. ಅದನ್ನು ಮುಂದೆ ನೋಡೋಣ.

ಕಟ್ಟೆಗಳ ನಡುವಿನ ಸಂದು

ಅಂಗಡಿಯಲ್ಲಿ ಮೂರು ಜಾತಿಯ ಟೈರು ಸಿಗುತ್ತವೆ. ಹೆದ್ದಾರಿಗೆ ಮೀಸಲಾದ ಎಚ್‌ಟಿ, ಎಲ್ಲ ನೆಲಕ್ಕೂ ಒಂದಿಷ್ಟು ಹೊಂದುವ ಎಟಿ, ಕೆಸರಿಗೇ ಹುಟ್ಟಿದ ಎಂಟಿ. ಮೂರರ ನಡುವಿನ ಮುಖ್ಯ ವ್ಯತ್ಯಾಸ ಕಟ್ಟೆಗಳ ನಡುವಿನ ಸಂದಿನಲ್ಲಿದೆ. ನಮ್ಮ ಕೆಂಪು ಜೇಡಿ ಅಂಟು ಮಣ್ಣು. ಸಂದು ಕಿರಿದಾಗಿದ್ದರೆ ಹತ್ತು ಮಾರು ಹೋಗುವಷ್ಟರಲ್ಲಿ ಅದು ಮೆತ್ತಿಕೊಂಡು ಟೈರು ನುಣ್ಣಗಾಗುತ್ತದೆ. ಆಮೇಲೆ ಎಷ್ಟು ಆಕ್ಸಿಲರೇಟರ್ ತುಳಿದರೂ ಮಣ್ಣಿನ ಮೇಲೆ ಮಣ್ಣು ತಿರುಗುತ್ತದೆ. ಎಂಟಿ ಟೈರಿನ ಸಂದು ಅಗಲ. ಗಾಲಿ ತಿರುಗುವ ರಭಸಕ್ಕೆ ಮೆತ್ತಿದ ಮಣ್ಣು ಸಿಡಿದು ಹೋಗಿ ಕಟ್ಟೆಯ ಅಂಚು ಮತ್ತೆ ಹೊರಬರುತ್ತದೆ.

ಎಂಟಿ ಇಷ್ಟು ಒಳ್ಳೆಯದಾದರೆ ಎಲ್ಲರೂ ಅದನ್ನೇ ಹಾಕಿಸಬಹುದಲ್ಲ? ಹಾಕಿಸಬಾರದು. ಸಂದು ಅಗಲವಾದಷ್ಟೂ ಡಾಂಬರಿಗೆ ತಾಗುವ ರಬ್ಬರು ಕಡಿಮೆ. ನೆನೆದ ಹೆದ್ದಾರಿಯಲ್ಲಿ ಬ್ರೇಕ್ ಹಾಕಿದರೆ ಗಾಡಿ ನಿಲ್ಲಲು ಹೆಚ್ಚು ದೂರ ಬೇಕು, ತಿರುವಿನಲ್ಲಿ ಹಿಡಿತ ತಪ್ಪುವುದೂ ಬೇಗ. ದೋಣಿಗಾಲ್‌ನಿಂದ ಮಾರನಹಳ್ಳಿವರೆಗೆ ಟ್ಯಾಂಕರು, ಲಾರಿಗಳ ನಡುವೆ ಮಳೆಯಲ್ಲಿ ಇಳಿಯುವವರು ಇದನ್ನು ಹಗುರವಾಗಿ ಎಣಿಸಬಾರದು. ಜೊತೆಗೆ ಸದ್ದು ಹೆಚ್ಚು, ಡೀಸೆಲ್ ಖರ್ಚು ಹೆಚ್ಚು, ಸವೆತವೂ ಬೇಗ. ಹಳೆಯ ಎನ್‌ಡಿಟಿ ಟೈರಿಗೂ ಒದ್ದೆ ಡಾಂಬರಿನಲ್ಲಿ ಇದೇ ದೋಷವಿದೆ.

ನನ್ನ ಶಿಫಾರಸು ಹೀಗಿದೆ. ತೋಟ ಬಿಟ್ಟು ಅಪರೂಪಕ್ಕೆ ಹೊರಬರುವ ಕೆಲಸದ ಜೀಪಿಗೆ ಎಂಟಿ ಅಥವಾ ಬಟನ್ ಟೈರು. ವಾರಕ್ಕೆರಡು ಬಾರಿ ಹಾಸನಕ್ಕೋ ಮಂಗಳೂರಿಗೋ ಹೋಗಿಬಂದು, ಸಂಜೆ ತೋಟದ ಏರು ಹತ್ತುವ ಗಾಡಿಗೆ ಒಳ್ಳೆಯ ಎಟಿ. ಮಳೆಗಾಲದ ಎರಡು ತಿಂಗಳಿಗೆ ಒಂದು ಜೊತೆ ಚೈನು. ಬೆಂಗಳೂರಿನಿಂದ ವಾರಾಂತ್ಯಕ್ಕೆ ಬಂದು ಹೋಂಸ್ಟೇ ಬಾಗಿಲವರೆಗೆ ಹೋಗುವವರಿಗೆ ಕಂಪನಿ ಕೊಟ್ಟ ಟೈರೇ ಸಾಕು. ಅದಕ್ಕೂ ಮೀರಿದ ದಾರಿ ಎದುರಾದರೆ ಸ್ಥಳೀಯ ಜೀಪನ್ನು ಬಾಡಿಗೆಗೆ ಹಿಡಿಯುವುದು ಜೇಬಿಗೂ ಜೀವಕ್ಕೂ ಹಿತ.

ಹಳೆಯ ಅಭ್ಯಾಸವೊಂದನ್ನು ಇಲ್ಲಿ ಹೇಳಲೇಬೇಕು. ಹಿಂದಿನ ಎರಡಕ್ಕೆ ಹೊಸ ಬಟನ್ ಟೈರು, ಮುಂದಿನ ಎರಡಕ್ಕೆ ಸವೆದದ್ದು ಹಾಕಿ ಓಡಿಸುವವರು ಇಂದಿಗೂ ಇದ್ದಾರೆ. ಫೋರ್ ವೀಲ್ ಹಾಕಿದಾಗ ಮುಂದಿನ ಹಿಂದಿನ ಗಾಲಿಗಳು ಒಂದೇ ಲೆಕ್ಕದಲ್ಲಿ ತಿರುಗಬೇಕು. ಸುತ್ತಳತೆ ಬೇರೆಯಾದರೆ ಟ್ರಾನ್ಸ್‌ಫರ್ ಕೇಸಿನ ಮೇಲೆ ಎಳೆದಾಟ ಬಿದ್ದು ಗೇರು ಸವೆಯುತ್ತದೆ. ಇಳಿಜಾರಿನಲ್ಲಿ ಗಾಡಿಯ ಭಾರ ಮುಂದಕ್ಕೆ ಬರುವುದರಿಂದ ಹಿಡಿತ ಬೇಕಾದದ್ದೂ ಮುಂದಿನ ಗಾಲಿಗೇ. ನಾಲ್ಕೂ ಒಂದೇ ಅಳತೆ, ಒಂದೇ ಜಾತಿ, ಹೆಚ್ಚುಕಡಿಮೆ ಒಂದೇ ಸವೆತದಲ್ಲಿರಲಿ. ರೇಡಿಯಲ್ ಟೈರಿನ ಜೊತೆ ಹಳೆಯ ನೈಲಾನ್ ಟೈರನ್ನು ಬೆರೆಸಲೇಬೇಡಿ.

ಟೈರಿನ ಮೈಮೇಲಿನ ಬರಹ

ಟೈರಿನ ಪಕ್ಕದ ಗೋಡೆಯಲ್ಲಿ ಅಚ್ಚಾದ ಅಂಕಿಗಳನ್ನು ಓದಲು ಬಂದರೆ ಅಂಗಡಿಯವನು ಹೇಳಿದ್ದನ್ನೆಲ್ಲ ನಂಬಬೇಕಾಗಿಲ್ಲ. 2020ರಲ್ಲಿ ಬಂದ ಹೊಸ ಥಾರ್‌ನ ಒಂದು ಮಾದರಿಯ ಟೈರು 255/65 ಆರ್ 18. ಅಗಲ 255 ಮಿ.ಮೀ.; ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ 65, ಅಂದರೆ ಸುಮಾರು 166 ಮಿ.ಮೀ.; ‘ಆರ್’ ಎಂದರೆ ರೇಡಿಯಲ್; ಡಿಸ್ಕು 18 ಇಂಚು. ಇನ್ನೊಂದು ಮಾದರಿಯದು 245/75 ಆರ್ 16. ಇದರ ಗೋಡೆ ಸುಮಾರು 184 ಮಿ.ಮೀ. ಹೊರಗಿನ ಎತ್ತರ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಕಲ್ಲಿನ ದಾರಿಗೆ ಎರಡನೆಯದೇ ಮೇಲು. ಗೋಡೆ ಎತ್ತರವಿದ್ದಷ್ಟೂ ಕಲ್ಲಿನ ಪೆಟ್ಟನ್ನು ರಬ್ಬರು ನುಂಗುತ್ತದೆ, ಡಿಸ್ಕು ಉಳಿಯುತ್ತದೆ. 18 ಇಂಚಿನ ಡಿಸ್ಕಿಗೆ ಮರುಳಾಗಬೇಡಿ ಎನ್ನುವುದು ಇದಕ್ಕೇ.

ಅದರ ಪಕ್ಕದಲ್ಲಿ 100, 109, 112 ಎಂದು ಮತ್ತೊಂದು ಅಂಕಿ ಇರುತ್ತದೆ. ಅದು ಹೊರೆಯ ಸೂಚಿ. 100 ಎಂದಿದ್ದರೆ ಆ ಒಂದು ಟೈರು 800 ಕೆ.ಜಿ. ಹೊರಬಲ್ಲದು, 109 ಎಂದರೆ 1,030 ಕೆ.ಜಿ.; 112 ಎಂದರೆ 1,120 ಕೆ.ಜಿ. ನಾಲ್ಕರಿಂದ ಗುಣಿಸಿ ‘ಬೇಕಾದಷ್ಟಾಯಿತು’ ಎಂದು ಸುಮ್ಮನಾಗುವುದು ಬಯಲುಸೀಮೆಯ ಲೆಕ್ಕ. ಮಲೆನಾಡಿನ ಲೆಕ್ಕ ಬೇರೆ. 1,750 ಕೆ.ಜಿ.ಯ ಜೀಪು, ಚಾಲಕನೂ ಸೇರಿ ಏಳು ಜನ, 50 ಕೆ.ಜಿ.ಯ ಐದು ಚೀಲ ಕಾಫಿ ಎಂದಿಟ್ಟುಕೊಳ್ಳಿ. ಒಟ್ಟು ತೂಕ 2,400 ಕೆ.ಜಿ. ದಾಟುತ್ತದೆ. ಅದರಲ್ಲಿ ಶೇ 60 ಹಿಂದಿದ್ದರೆ ಸಮತಟ್ಟಿನಲ್ಲಿ ಪ್ರತಿ ಹಿಂಗಾಲಿಗೆ ಸುಮಾರು 730 ಕೆ.ಜಿ. ಇಪ್ಪತ್ತು ಡಿಗ್ರಿ ಏರಿನಲ್ಲಿ ಒಟ್ಟು ತೂಕದ ಹತ್ತನೇ ಒಂದು ಪಾಲು ಮುಂದಿನಿಂದ ಹಿಂದಕ್ಕೆ ಸರಿಯುತ್ತದೆ. ಹಿಂಗಾಲಿನ ಹೊರೆ 800 ಕೆ.ಜಿ. ಮುಟ್ಟುತ್ತದೆ. ಗುಂಡಿಗೆ ಬಿದ್ದ ಕ್ಷಣದ ಪೆಟ್ಟು ಅದರ ಮೇಲೆ. ಸೂಚಿ 100ರ ಟೈರಿಗೆ ಅಲ್ಲಿ ಮಿಗಿತಾಯವೇ ಉಳಿಯುವುದಿಲ್ಲ. ಹೊರೆ ಹೊರುವ ಗಾಡಿಗೆ ‘ಎಲ್‌ಟಿ’ ಗುರುತಿನ, ಗಟ್ಟಿ ಗೋಡೆಯ ಟೈರು ಬೇಕೆನ್ನುವುದು ಈ ಕಾರಣಕ್ಕೆ. ಆರು ಪ್ಲೈ ಎಂದರೆ ಲೋಡ್ ರೇಂಜ್ ಸಿ, ಎಂಟಾದರೆ ಡಿ, ಹತ್ತಾದರೆ ಇ. ಸೋಲಿಂಗ್ ಕಲ್ಲಿನ ಅಂಚು ಸೀಳುವುದು ತುಳಿಯುವ ಭಾಗವನ್ನಲ್ಲ, ಈ ಪಕ್ಕದ ಗೋಡೆಯನ್ನು. ಅಲ್ಲಿ ಹರಿದರೆ ಪಂಚರ್ ಅಂಗಡಿಯವನೂ ಕೈಚೆಲ್ಲುತ್ತಾನೆ.

ಇನ್ನೊಂದು ಬರಹ ವಯಸ್ಸಿನದು. ಗೋಡೆಯ ಮೇಲಿನ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ತೋಟದ ಜೀಪು ವರ್ಷಕ್ಕೆ ಓಡುವ ದೂರ ಕಡಿಮೆ. ಕಟ್ಟೆ ಸವೆಯುವ ಮೊದಲೇ ರಬ್ಬರಿಗೆ ಮುಪ್ಪು ಬರುತ್ತದೆ. ಹೊರಗೆ ಕಟ್ಟೆ ಎತ್ತರವಾಗಿ ಕಂಡರೂ ಗೋಡೆಯಲ್ಲಿ ಕೂದಲೆಳೆಯ ಬಿರುಕು ಮೂಡಿರುತ್ತದೆ. ಐದು ವರ್ಷ ಕಳೆದ ಟೈರನ್ನು ಪ್ರತಿ ವರ್ಷ ಪರೀಕ್ಷಿಸಬೇಕು, ಹತ್ತು ವರ್ಷವಾದದ್ದನ್ನು ಹೇಗಿದ್ದರೂ ತೆಗೆಯಬೇಕು ಎಂಬುದು ತಯಾರಕರ ಸಲಹೆ. ಕಾಫಿ, ಮೆಣಸು, ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ತೋಟದವರಿಗೆ ಒಂದು ಕಿವಿಮಾತು: ತಾಮ್ರದ ಅಂಶ ರಬ್ಬರಿನ ವೈರಿ ಎಂಬುದು ರಬ್ಬರ್ ಉದ್ಯಮ ಹಿಂದಿನಿಂದ ಬಲ್ಲ ಸಂಗತಿ. ದ್ರಾವಣದ ಡ್ರಮ್ ಸಾಗಿಸಿದ ದಿನ ಟೈರುಗಳನ್ನು ನೀರು ಹಾಕಿ ತೊಳೆದುಬಿಡಿ.

ಡಿಸ್ಕು: ಬಗ್ಗುವುದು ಮೇಲು

ಟೈರಿಗೆ ಕೊಡುವ ಗಮನವನ್ನು ಡಿಸ್ಕಿಗೆ ಕೊಡುವವರು ಕಡಿಮೆ. ಕಬ್ಬಿಣದ ಡಿಸ್ಕು ಭಾರ, ನೋಡಲು ಸಾದಾ. ಕಲ್ಲಿಗೆ ಬಡಿದಾಗ ಅದು ಬಗ್ಗುತ್ತದೆ. ಸುತ್ತಿಗೆ ಹಿಡಿದು ಅಂಚು ನೇರ ಮಾಡಿಕೊಂಡು ಮನೆ ಸೇರಬಹುದು. ಅಲಾಯ್ ಹಗುರ, ಚೆಂದ. ಪೆಟ್ಟು ಜೋರಾದರೆ ಸೀಳುತ್ತದೆ, ಸೀಳಿದ ಮೇಲೆ ದಾರಿಯಲ್ಲಿ ಅದಕ್ಕೆ ಮದ್ದಿಲ್ಲ. ಪೇಟೆಯ ಓಡಾಟಕ್ಕೆ ಅಲಾಯ್ ಇರಲಿ. ಬಿಸಿಲೆ, ಕಾಡುಮನೆ ಕಡೆಯ ಕೆಲಸದ ಗಾಡಿಗೆ ಕಬ್ಬಿಣವೇ ಆಗಲಿ.

ಡಿಸ್ಕು ಕೊಳ್ಳುವಾಗ ನಾಲ್ಕು ಅಳತೆ ನೋಡಬೇಕು. ಮೊದಲನೆಯದು ನಟ್ಟುಗಳ ವೃತ್ತ. ವಿಲ್ಲಿಸ್, ಜಿಪ್ಸಿ, ಜಿಮ್ನಿಗಳಲ್ಲಿ ಐದು ನಟ್ಟು, ವೃತ್ತ 139.7 ಮಿ.ಮೀ.; ಇದು ಒಂದೇ ಇದ್ದ ಮಾತ್ರಕ್ಕೆ ಒಂದರ ಡಿಸ್ಕು ಇನ್ನೊಂದಕ್ಕೆ ಕೂರುತ್ತದೆಂದು ಭಾವಿಸಬಾರದು. ಎರಡನೆಯದು ನಡುವಿನ ರಂಧ್ರ. ಅದು ಹಬ್ಬಿಗೆ ಬಿಗಿಯಾಗಿ ಕೂರದಿದ್ದರೆ ಭಾರವೆಲ್ಲ ನಟ್ಟಿನ ಮೇಲೆ ಬೀಳುತ್ತದೆ. ಮೂರನೆಯದು ಅಗಲ. 4.5 ಇಂಚಿನ ಹಳೆಯ ಜೀಪಿನ ಡಿಸ್ಕಿಗೆ 235 ಮಿ.ಮೀ. ಟೈರು ತುರುಕುವುದನ್ನು ಅಲ್ಲಲ್ಲಿ ಕಾಣುತ್ತೇವೆ. ಆ ಟೈರಿಗೆ ಕನಿಷ್ಠ ಆರು ಇಂಚಿನ ಡಿಸ್ಕು ಬೇಕು. ಕಿರಿದಾದರೆ ಟೈರಿನ ನಡು ಉಬ್ಬಿ, ಅಂಚು ನೆಲಕ್ಕೆ ತಾಗದೆ, ದುಡ್ಡು ಕೊಟ್ಟು ಕೊಂಡ ಅಗಲ ವ್ಯರ್ಥವಾಗುತ್ತದೆ. ತಿರುವಿನಲ್ಲಿ ಟೈರು ಡಿಸ್ಕಿನಿಂದ ಕಳಚುವ ಅಪಾಯವೂ ಇದೆ. ನಾಲ್ಕನೆಯದು ಆಫ್‌ಸೆಟ್. ಗಾಲಿ ಹೊರಚಾಚಲೆಂದು ಆಫ್‌ಸೆಟ್ ಬದಲಿಸಿದರೆ, ಸ್ಪೇಸರ್ ತೂರಿಸಿದರೆ ಬೇರಿಂಗಿನ ಮೇಲೆ ಸನ್ನೆಕೋಲಿನ ಭಾರ ಬೀಳುತ್ತದೆ, ಸ್ಟೀರಿಂಗ್ ಕೈಗೆ ಒದೆಯುತ್ತದೆ. ಹೊರೆ ಹೊರುವ ಗಾಡಿಯಲ್ಲಿ ಸ್ಪೇಸರಿಗೆ ಜಾಗವೇ ಇಲ್ಲ.

ಹಳೆಯ ವಿಲ್ಲಿಸ್ ಇಟ್ಟುಕೊಂಡವರು ಒಂದನ್ನು ಮನೆಯ ಹುಡುಗರಿಗೂ ಹೇಳಿಕೊಡಬೇಕು. ಅದರ ಎಡಬದಿಯ ಗಾಲಿಯ ನಟ್ಟುಗಳಿಗೆ ತಿರುಗುಮುರುಗು ಮರೆ. ಬಲಬದಿಯಲ್ಲಿ ಸಡಿಲಿಸುವ ದಿಕ್ಕಿಗೆ ಇಲ್ಲಿ ತಿರುಗಿಸಿದರೆ ಇನ್ನಷ್ಟು ಬಿಗಿಯಾಗುತ್ತದೆ. ಇದು ತಿಳಿಯದೆ ಪಾನಾ ಮೇಲೆ ಹತ್ತಿ ನಿಂತು ಬೋಲ್ಟ್ ಮುರಿಯುವವರಿದ್ದಾರೆ.

ದೊಡ್ಡ ಗಾಲಿ ಕೇಳುವ ಬೆಲೆ

2010ರ ಥಾರ್‌ನ 235/70 ಆರ್ 16 ಟೈರು ತೆಗೆದು 265/75 ಆರ್ 16 ಹಾಕಿಸಿದರೆ ಏನಾಗುತ್ತದೆ? ಗಾಲಿಯ ಎತ್ತರ 735 ಮಿ.ಮೀ.ನಿಂದ 804ಕ್ಕೆ ಏರುತ್ತದೆ. ನೆಲದಿಂದ ಗಾಡಿಗೆ ಸಿಗುವ ಎತ್ತರ ಅದರ ಅರ್ಧ, ಸುಮಾರು 34 ಮಿ.ಮೀ. ಇದು ಲಾಭ. ನಷ್ಟದ ಪಟ್ಟಿ ಉದ್ದವಿದೆ. ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ ನಿಜಕ್ಕೂ 65ರ ಮೇಲೆ ಓಡುತ್ತಿರುತ್ತದೆ. ಗೇರುಗಳೆಲ್ಲ ಶೇ 9ರಷ್ಟು ಉದ್ದವಾದಂತಾಗಿ, ಮೊದಲ ಗೇರಿನಲ್ಲಿ ನಿಧಾನಕ್ಕೆ ಹತ್ತುತ್ತಿದ್ದ ಏರಿಗೆ ಕ್ಲಚ್ ಸುಡಬೇಕಾಗುತ್ತದೆ. ಇಳಿಜಾರಿನಲ್ಲಿ ಎಂಜಿನ್ ಹಿಡಿದು ನಿಲ್ಲಿಸುವ ಬಲವೂ ಅಷ್ಟೇ ತಗ್ಗುತ್ತದೆ. ಭಾರದ ಗಾಲಿಯನ್ನು ತಡೆಯಬೇಕಾದ ಬ್ರೇಕು ಮಾತ್ರ ಹಳೆಯದೇ.

ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನ ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಅಪಘಾತವಾದಾಗ ವಿಮೆ ಕಂಪನಿ ತಕರಾರು ತೆಗೆಯಲು ಇಂಥ ಮಾರ್ಪಾಡು ಒಳ್ಳೆಯ ನೆಪವಾಗುತ್ತದೆ. ಗಾಡಿಯ ಕೈಪಿಡಿಯಲ್ಲಿ ಆ ಮಾದರಿಗೆ ಕೊಟ್ಟ ಅಳತೆಯೊಳಗೇ ಗಟ್ಟಿ ಗೋಡೆಯ, ಸರಿಯಾದ ಕಟ್ಟೆಯ ಟೈರು ಹುಡುಕುವುದು ಜಾಣತನ.

ಗಾಳಿ ಮತ್ತು ಚೈನು

ಟೈರು ಬದಲಿಸದೆಯೇ ಹಿಡಿತ ಹೆಚ್ಚಿಸುವ ದಾರಿ ಗಾಳಿಯಲ್ಲಿದೆ. ಒಂದು ಗಾಲಿಯ ಮೇಲೆ 450 ಕೆ.ಜಿ. ಭಾರ, 32 ಪಿಎಸ್‌ಐ ಗಾಳಿ ಇದ್ದರೆ ನೆಲಕ್ಕೆ ತಾಗುವ ಜಾಗ ಸರಿಸುಮಾರು 200 ಚದರ ಸೆಂ.ಮೀ. ಗಾಳಿಯನ್ನು 18ಕ್ಕೆ ಇಳಿಸಿದರೆ ಅದು 350ರ ಹತ್ತಿರ ಹೋಗುತ್ತದೆ. ಹೀಗೆ ಹಿಗ್ಗುವ ಜಾಗ ಹೆಚ್ಚಾಗಿ ಉದ್ದಕ್ಕೆ ಸಿಗುತ್ತದೆ, ಅಗಲಕ್ಕಲ್ಲ. ಹಾಗಾಗಿ ಕಿರಿದಾದ ಟೈರಿನ ಗುಣ ಉಳಿಸಿಕೊಂಡೇ ಹೆಚ್ಚು ಕಟ್ಟೆಗಳು ಒಟ್ಟಿಗೆ ನೆಲ ಹಿಡಿಯುತ್ತವೆ.

ಎಚ್ಚರಿಕೆಗಳೂ ಇವೆ. ಗಾಳಿ ಇಳಿಸಿದಾಗ ನಿಧಾನವಾಗಿ ಓಡಿಸಬೇಕು, ಸ್ಟೀರಿಂಗ್ ರಪ್ಪನೆ ಕತ್ತರಿಸಬಾರದು. 15 ಪಿಎಸ್‌ಐಗಿಂತ ಕೆಳಗೆ ಹೋದರೆ ಟೈರು ಡಿಸ್ಕು ಬಿಡುವ ಭಯ. ಟ್ಯೂಬ್ ಇರುವ ಹಳೆಯ ಟೈರಿನಲ್ಲಿ ಹೆಚ್ಚು ಇಳಿಸಿದರೆ ಟೈರು ಜಾರಿ ಟ್ಯೂಬಿನ ವಾಲ್ವು ಕಿತ್ತುಬರುತ್ತದೆ. ಚೂಪು ಕಲ್ಲಿನ ದಾರಿಯಲ್ಲಿ, ತುಂಬಿದ ಹೊರೆಯಲ್ಲಿ ಇಳಿಸಲೇಬೇಡಿ. ಡಾಂಬರು ಮುಟ್ಟುವ ಮೊದಲು ಗಾಳಿ ಮತ್ತೆ ತುಂಬಲೇಬೇಕು. ಅದಕ್ಕೆ ಗಾಡಿಯಲ್ಲೇ ಒಂದು ಸಣ್ಣ ಪಂಪು, ನಂಬಿಕೆಯ ಗೇಜು ಇರಲಿ. ಈ ಎರಡಕ್ಕೆ ಮಾಡುವ ಖರ್ಚು ಒಂದು ಟೈರಿನ ಬೆಲೆಗಿಂತ ಕಡಿಮೆ.

ಪುಷ್ಯ ಮಳೆಯ ಹೊತ್ತಿಗೆ ಏರುಗಳು ಗಾಳಿಯ ಮಾತನ್ನೂ ಕೇಳುವುದಿಲ್ಲ. ಆಗ ಚೈನು. ಟೈರಿನ ಅಳತೆಗೆ ಸರಿಯಾಗಿ ಕೂರುವ ಚೈನನ್ನು ಬಿಗಿಯಾಗಿ ಕಟ್ಟಿ, ಸ್ವಲ್ಪ ದೂರ ಓಡಿಸಿ, ನಿಲ್ಲಿಸಿ, ಮತ್ತೆ ಬಿಗಿಯಬೇಕು. ಸಡಿಲವಾದ ಚೈನು ಬ್ರೇಕಿನ ಪೈಪನ್ನು ಕತ್ತರಿಸಬಲ್ಲದು. ಡಾಂಬರಿಗೆ ಬಂದ ತಕ್ಷಣ ಬಿಚ್ಚಿಡಿ. ಇಲ್ಲದಿದ್ದರೆ ಟೈರೂ ಹಾಳು, ಊರಿನ ರಸ್ತೆಯೂ ಹಾಳು.

ಗಾಲಿ ಹೋಗಬಾರದ ಜಾಗ

ಎಂಟಿ ಟೈರು ಎಲ್ಲಿ ಬೇಕಾದರೂ ಹತ್ತಬಲ್ಲದು ಎಂಬುದು ಎಲ್ಲಿ ಬೇಕಾದರೂ ಹತ್ತಿಸುವ ಪರವಾನಗಿ ಆಗಬಾರದು. ಗುಡ್ಡದ ನೆತ್ತಿಯ ಹುಲ್ಲುಗಾವಲಿನ ಮೇಲೆ ಬಟನ್ ಟೈರು ಒಮ್ಮೆ ಹರಿದರೆ ಹುಲ್ಲಿನ ಬೇರು ಕಿತ್ತು ಜಾಡು ಮೂಡುತ್ತದೆ. ಮುಂದಿನ ಮಳೆಗೆ ಅದು ನೀರಿನ ದಾರಿ, ಅದರ ಮುಂದಿನ ಮಳೆಗೆ ಕೊರಕಲು. 2018ರ ಆಗಸ್ಟ್‌ನಲ್ಲಿ, 2024ರ ಜುಲೈನಲ್ಲಿ ಶಿರಾಡಿ ಸೀಮೆಯ ಗುಡ್ಡಗಳು ಕುಸಿದು ರಸ್ತೆ ಮುಚ್ಚಿದ್ದನ್ನು ಕಂಡ ನಾವು ಇಳಿಜಾರಿನ ಮಣ್ಣನ್ನು ಮೋಜಿಗಾಗಿ ಕೆದಕಬಾರದು. ಬಿಸಿಲೆಯ ಆಚೆಗಿನ ಪುಷ್ಪಗಿರಿ ವನ್ಯಧಾಮ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲೊಂದು. ಅನುಮತಿಯಿಲ್ಲದೆ ಮೀಸಲು ಅರಣ್ಯಕ್ಕೆ ಗಾಡಿ ನುಗ್ಗಿಸುವುದು ಅಪರಾಧ. ಆಫ್ ರೋಡ್ ಹುಮ್ಮಸ್ಸಿಗೆ ಖಾಸಗಿ ತೋಟದ ಮಾಲೀಕರ ಒಪ್ಪಿಗೆ ಪಡೆದ ಜಾಡುಗಳಿವೆ. ಅದು ಅಲ್ಲಿಗೇ ಸೀಮಿತವಾಗಲಿ. ಹಳ್ಳದ ನೀರಿನಲ್ಲಿ ಗಾಲಿ ತಿರುಗಿಸಿ ಕುಣಿಸುವವರು ಕೆಳಗಿನ ಊರು ಅದೇ ನೀರು ಕುಡಿಯುತ್ತದೆಂಬುದನ್ನು ನೆನಪಿಡಲಿ.

ಕೊನೆಯದಾಗಿ ತೋಟದ ಮಾಲೀಕರಲ್ಲಿ ಒಂದು ಮನವಿ. ನಿಮ್ಮ ಸ್ವಂತ ಕಾರಿಗೆ ಹೊಸ ಟೈರು ಹಾಕಿಸಿ, ಆಳುಗಳನ್ನು ಹೊರುವ ಜೀಪಿಗೆ ಸವೆದದ್ದನ್ನು ದಾಟಿಸಬೇಡಿ. ಹೆಚ್ಚು ಜನ ಕೂರುವುದು, ಹೆಚ್ಚು ಕೆಟ್ಟ ದಾರಿಯಲ್ಲಿ ಓಡುವುದು ಆ ಜೀಪೇ. ಕಟ್ಟೆಯ ಎತ್ತರ 1.6 ಮಿ.ಮೀ.ಗೆ ಇಳಿದ ಟೈರು ಕಾನೂನಿನ ಪ್ರಕಾರವೇ ಮುಗಿದದ್ದು. ಕೆಸರಿಗೆ ಅದಕ್ಕಿಂತ ಬಹಳ ಮೊದಲೇ ಮುಗಿದಿರುತ್ತದೆ. ಈ ಸಲ ಮೃಗಶಿರಾ ಮಳೆ ಬೀಳುವ ಮುನ್ನ ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು ಸ್ಟೆಪ್ನಿಯೂ ಸೇರಿ ಐದೂ ಗಾಲಿಗಳ ವಯಸ್ಸು, ಗೋಡೆ, ಕಟ್ಟೆ, ಗಾಳಿ, ನಟ್ಟು ನೋಡಿ. ಬದಲಿಸಬೇಕಾದದ್ದನ್ನು ಮಳೆಗೆ ಮೊದಲೇ ಬದಲಿಸಿ.